ಸೇತುವೆ ದಾಟಲೊಲ್ಲದವರ ಯುದ್ಧ

ಜೋಲ್ಚು ಯಾರಿಗಾದರೂ ಹೊಡೆಯುವ ಮುಂಚೆ ತಲೆಯ ಮೇಲಿನ ಬಿಳಿ ಉಣ್ಣೆಯ ಕಲ್ಪಾಕ್ ಟೊಪ್ಪಿಗೆಯನ್ನು ಎರಡೂ ಕೈಯಿಂದ ತೆಗೆದು, ಉಫ್ ಎಂದು ಊದಿ, ಧೂಳಿಲ್ಲದ ಜಾಗ ಹುಡುಕಿ, ಮೊನೆ ಮೇಲಾಗುವಂತೆ ಇಡುತ್ತಿದ್ದ. ಆಮೇಲೆಯೇ ಹೊಡೆತ. ಟೊಪ್ಪಿಗೆ ಮಣ್ಣಿಗೆ ಬಿದ್ದರೆ ಮರ್ಯಾದೆಯೂ ಜೊತೆಗೇ ಬೀಳುತ್ತದೆಂಬುದು ನಮ್ಮ ಕೊಳ್ಳದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಜಗಳದ ನಡುವೆ ಅಷ್ಟು ಸಾವಧಾನ ಯಾರಿಗಿರುತ್ತದೆ? ಆ ಸಾವಧಾನವೇ ಬೆಳೆದು ಪುರಾಣವಾಯಿತು. ಜೋಲ್ಚುವಿನ ಟೊಪ್ಪಿಗೆ ತಲೆಯಿಂದ ಒಂದು ಬೆರಳು ಮೇಲೆದ್ದರೆ ಪೇಟೆಯ ನಾಯಿಗಳು ಗಾಡಿಗಳ ಅಡಿಗೆ ನುಗ್ಗುತ್ತವಂತೆ. ಎರಡು ಬೆರಳು ಎದ್ದರೆ ಅಂಗಡಿಯವರು ತೂಕದ ಕಲ್ಲನ್ನು ಸರಿಯಾದದ್ದಕ್ಕೆ ಬದಲಾಯಿಸುತ್ತಾರಂತೆ. ಪೂರ್ತಿ ತೆಗೆದ ದಿನ ಪೊಲೀಸಿನವನೊಬ್ಬ ತನ್ನ ಕೈಗೆ ತಾನೇ ಬೇಡಿ ತೊಡಿಸಿಕೊಂಡು ಜೀಪು ಹತ್ತಿದನಂತೆ. ಅವನು ತಲೆ ಕೆರೆದುಕೊಳ್ಳಲು ಟೊಪ್ಪಿಗೆ ಎತ್ತಿದ್ದನ್ನು ಗುಡ್ಡದಿಂದ ಕಂಡ ತೋಳವೊಂದು, ಕಚ್ಚಿಕೊಂಡಿದ್ದ ಕುರಿಮರಿಯನ್ನು ಹಟ್ಟಿಯ ತನಕ ತಂದು ಬಿಟ್ಟು ಹೋಯಿತೆಂದು ಹೇಳುವವರೂ ಇದ್ದಾರೆ. ಅದನ್ನು ಮಾತ್ರ ಅರ್ಧ ನಂಬಿದರೆ ಸಾಕು.

ಇಂಥ ವೀರನ ಉದ್ಯೋಗ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವುದು. ಅವನ ಇಂಗ್ಲಿಷ್ ಸೋವಿಯತ್ ಕಾಲದ ಒಂದು ಪಠ್ಯಪುಸ್ತಕದಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಮುದಿಯಾಗುತ್ತಿತ್ತು. ಬೆಕ್ಕು ಮೇಜಿನ ಕೆಳಗಿದೆ, ಲಂಡನ್ನಿನಲ್ಲಿ ಮಂಜು ಕವಿದಿದೆ, ಗಣಿ ಕಾರ್ಮಿಕರು ಸಂತೋಷವಾಗಿದ್ದಾರೆ. ಈ ಮೂರರ ನಡುವಿನ ಬಯಲಿನಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಅದರಾಚೆಗೆ ಹೋಗಬೇಕಾಗಿ ಬಂದರೆ ಕುದುರೆ ಓಡಿಸಿದಂತೆ ಓಡಿಸುತ್ತಿದ್ದ: ಗೊತ್ತಿಲ್ಲದ ಪದ ಎದುರಾದರೆ ಹಾರಿಸುವುದು.

ಕುದುರೆಯ ವಿಷಯದಲ್ಲಿ ಅವನು ನಿಜಕ್ಕೂ ಪಂಡಿತ. ತಲೆ ಕಡಿದ ಮೇಕೆಯ ಕಳೇಬರವನ್ನು ಎರಡು ತಂಡದ ಸವಾರರು ಕಿತ್ತಾಡಿ, ಎಳೆದಾಡಿ, ಎದುರಾಳಿಯ ಗುಂಡಿಗೆ ಎಸೆಯುವ ನಮ್ಮ ಕೋಕ್-ಬೋರು ಆಟದಲ್ಲಿ ಅವನು ಬಿಸಿಲುದಂಡೆಯ ನಾಯಕ. ಕೊಳ್ಳದ ನಡುವೆ ಕೋಕ್-ಸೂ ನದಿ ಹರಿಯುತ್ತದೆ. ಬಿಸಿಲು ಬೀಳುವ ಕಡೆಯದು ಬಿಸಿಲುದಂಡೆ, ಬೆಟ್ಟದ ನೆರಳಲ್ಲಿರುವುದು ನೆರಳುದಂಡೆ. ನೆರಳುದಂಡೆಯ ನಾಯಕ ತೊಲೊಗೊನ್, ಕಸಾಯಿ. ಅವನ ಕುತ್ತಿಗೆ ತಲೆಗಿಂತ ಅಗಲ. ಜೋಲ್ಚುವಿನ ಮೂಗು ಎಡಕ್ಕೆ ತಿರುಗಿರುವುದು ತೊಲೊಗೊನನ ಮೊಣಕೈಯಿಂದ, ತೊಲೊಗೊನನಿಗೆ ಮುಂದಿನ ಹಲ್ಲುಗಳಿಲ್ಲದಿರುವುದು ಜೋಲ್ಚುವಿನ ಮಂಡಿಯಿಂದ. ಇಬ್ಬರೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ತಪ್ಪದೆ ಹೋಗುತ್ತಿದ್ದರು, ಹೋಗಿ ತಪ್ಪದೆ ಹೊಡೆದಾಡುತ್ತಿದ್ದರು.

ನಗೆಯಿಲ್ಲದ ಸಂಗತಿ ಒಂದೇ. ಹಿಂದಿನ ವಸಂತದಲ್ಲಿ, ಹಿಮ ಕರಗಿ ನದಿ ಕಂದು ಬಣ್ಣಕ್ಕೆ ತಿರುಗಿದ್ದಾಗ, ಜೋಲ್ಚುವಿನ ತಮ್ಮ ನಸಿಪ್ ಹಿಟ್ಟಿನ ಮೂಟೆ ಹೇರಿಕೊಂಡು, ಜನ ನದಿ ದಾಟುವ ಜಾಗವಾದ ಹೊಳೆಗಂಡಿಯಲ್ಲಿ ಕುದುರೆ ಇಳಿಸಿದ. ನಡುಹೊಳೆಯಲ್ಲಿ ಕುದುರೆ ಮಗುಚಿತು. ಕುದುರೆ ಕೆಳಗಿನ ತಿರುವಿನಲ್ಲಿ ದಡ ಹತ್ತಿತು. ನಸಿಪ್‌ನನ್ನು ತೊಲೊಗೊನ್ ಮತ್ತು ಜೋಲ್ಚು ಸೇರಿಯೇ ಕಲ್ಲುಗಳ ಸಂದಿಯಿಂದ ಎಳೆದು ತೆಗೆದರು. ಅವನ ಮುಷ್ಟಿಯಲ್ಲಿ ಇನ್ನೂ ಲಗಾಮಿನ ತುಂಡಿತ್ತು. ಅಂದಿನಿಂದ ಜೋಲ್ಚು ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಸುರಿದು, ಮಂಜು, ಬೆಕ್ಕು, ಗಣಿ ಕಾರ್ಮಿಕರನ್ನೂ ಬಿಡದೆ, ಕಂಡ ಕಂಡ ನೆರವಿನ ಸಂಸ್ಥೆಗಳಿಗೆಲ್ಲ ಬರೆದ. ಕೊನೆಗೆ ಹೊರದೇಶದ ಒಂದು ಸಂಸ್ಥೆಯವರು ಕರಗಿಯೋ ಬೇಸತ್ತೋ ಬಂದು, ಬೇಸಿಗೆಯೊಳಗೆ ಉಕ್ಕಿನ ಹಗ್ಗ ಎಳೆದು, ಪೈನ್ ಹಲಗೆ ಹಾಸಿ, ಎರಡು ದಂಡೆಗೂ ಒಂದು ಸೇತುವೆ ಕಟ್ಟಿಕೊಟ್ಟರು. ಮುಂದಿನ ವಸಂತಕ್ಕೆ ಆ ಸೇತುವೆ ನಿಂತಿರಬೇಕು, ಜನ ಅದರ ಮೇಲೆ ಹೋಗಬೇಕು. ಜೋಲ್ಚುವಿಗೆ ಲೋಕದಿಂದ ಬೇಕಾಗಿದ್ದದ್ದು ಅಷ್ಟೇ.

ಖರ್ಚಿನ ದೊಡ್ಡ ಪಾಲು ಸಂಸ್ಥೆಯದು, ಉಳಿದದ್ದು ಊರಿನದು ಎಂದು ಮೊದಲೇ ಒಪ್ಪಂದವಾಗಿತ್ತು. ಊರಿನೊಳಗೆ ಯಾರು ಎಂಬುದನ್ನು ಸೇತುವೆಯ ಬುಡದಲ್ಲಿ ನೆಟ್ಟ ನೀಲಿ ತಗಡಿನ ಫಲಕ ಹೇಳುತ್ತಿತ್ತು. ಆದರೆ ಅದು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕೆಳಗಿನ ಅರ್ಧ ಖಾಲಿ. ನಿಮ್ಮ ಭಾಷೆಯಲ್ಲಿ ನೀವೇ ಬರೆದುಕೊಳ್ಳಿ ಎಂದು ಬಿಳಿ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಬಿಟ್ಟು ಇಂಜಿನಿಯರರು ವಿಮಾನ ಹತ್ತಿದ್ದರು.

ಎರಡು ದಂಡೆಯ ಜನವೂ ಸೇರಿತು. ಬಿಸಿಲುದಂಡೆಯ ಹಿರಿಯ ಸಿದಿಕ್ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ. ಅವನ ಗಡ್ಡ ಹೊಕ್ಕುಳ ಮುಟ್ಟುತ್ತಿತ್ತು, ಮಾತು ಎಲ್ಲರನ್ನೂ ಮುಟ್ಟುತ್ತಿತ್ತು.

"ಏನಂತೆ ಮೇಷ್ಟ್ರೇ? ಹಬ್ಬದ ಶುಭಾಶಯವಾ?"

"ಖರ್ಚಿನ ವಿಷಯ, ತಾತ."

"ಹಾಗಾದ್ರೆ ನಿಧಾನಕ್ಕೆ ಓದಪ್ಪ. ಖುಷಿ ವಿಷಯ ಆಗಿದ್ರೆ ತಪ್ಪು ಓದಿದ್ರೂ ನಡೀತಿತ್ತು."

ಫಲಕದ ಮೇಲಿದ್ದ ಸಾಲು ಇದು: ದಿ ಕಾಸ್ಟ್ ಆಫ್ ದಿ ಇಂಪ್ರೂವ್‌ಮೆಂಟ್ ಶಲ್ ಬಿ ಬೋರ್ನ್ ಬೈ ದಿ ಪ್ರಾಪರ್ಟಿ ಬೆನಿಫಿಟೆಡ್.

ಜೋಲ್ಚು ಓದಿದ. ಖರ್ಚು ಗೊತ್ತು, ಸುಧಾರಣೆ ಗೊತ್ತು, ಹೊರುವುದು ಗೊತ್ತು, ಲಾಭ ಗೊತ್ತು. ನಡುವೆ ಒಂದು 'ಆಸ್ತಿ' ಕೂತಿತ್ತು. ಲಾಭ ಪಡೆದ ಆಸ್ತಿ ಖರ್ಚು ಹೊರಬೇಕಂತೆ. ಆಸ್ತಿ ಅಂದರೆ ಜಮೀನು. ಜಮೀನು ಹೇಗೆ ಲಾಭ ಪಡೆಯುತ್ತದೆ? ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕುರಿಯ ಹಿಂದೆ ಹುಲ್ಲುಗಾವಲಿಂದ ಹುಲ್ಲುಗಾವಲಿಗೆ ನಡೆದವರು. ನಮ್ಮಲ್ಲಿ ಲಾಭವೆಂಬುದು ಕಾಲಿರುವುದಕ್ಕೆ: ಕುರಿ ಕೊಬ್ಬುತ್ತದೆ, ಕುದುರೆ ಈಯುತ್ತದೆ, ಮನುಷ್ಯ ತಿಂದು ಮಲಗುತ್ತಾನೆ. ನೆಲ ಬಿದ್ದಲ್ಲೇ ಬಿದ್ದಿರುತ್ತದೆ. ಅದನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಬರೆದುಕೊಟ್ಟು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಕಂಬಳಿಯ ಅಂಚಿಗೆ ಕುಚ್ಚು ಕಟ್ಟುವಂತೆ ಇಂಗ್ಲಿಷಿನವರು ಅಂದಕ್ಕೆ ಒಂದು ಪದ ಕಟ್ಟಿರಬೇಕು ಎಂದುಕೊಂಡು ಜೋಲ್ಚು ಅದನ್ನು ಹಾರಿಸಿದ. ಕುಂಚ ಅದ್ದಿ, ದಪ್ಪ ಅಕ್ಷರದಲ್ಲಿ ಬರೆದ: ಸುಧಾರಣೆಯ ಖರ್ಚನ್ನು ಅದರಿಂದ ಲಾಭ ಪಡೆದವನು ಹೊರತಕ್ಕದ್ದು.

"ಲಾಭ ಅಂದ್ರೆ?" ಎಂದು ತೊಲೊಗೊನ್ ಕೇಳಿದ.

"ದಾಟೋದು."

"ಅಂದ್ರೆ ದಾಟಿದವನು ಖರ್ಚು ಹೊರಬೇಕು."

"ಹೌದು."

"ದಾಟದವನು?"

ಸೇತುವೆಯ ಮೇಲೆ ಆಗಲೇ ಅರ್ಧ ದಾರಿ ಹೋಗಿದ್ದ ನೆರಳುದಂಡೆಯ ಮೂರ್ನಾಲ್ಕು ಹೆಂಗಸರು ಕೂಡಲೇ ಲಂಗ ಎತ್ತಿಕೊಂಡು ಬಂದ ದಾರಿಯಲ್ಲೇ ಓಡಿದರು.

ಅಂದಿನಿಂದ ಆ ಸೇತುವೆ, ಮದುವೆಗೆ ಸಿಂಗರಿಸಿ ಕೂರಿಸಿದ ಹೆಣ್ಣಿನಂತೆ, ಯಾರೂ ಮುಟ್ಟದೆ ನಿಂತಿತು. ಶರತ್ಕಾಲದಲ್ಲಿ ನೀರು ಇಳಿದಿತ್ತು. ಜನ ಸೇತುವೆಯ ನೆರಳಲ್ಲೇ ಹೊಳೆಗಂಡಿಗೆ ಇಳಿದು, ಮಂಡಿ ಮಟ್ಟದ ನೀರಲ್ಲಿ ಹಲ್ಲು ಕಟಕಟಿಸುತ್ತ ದಾಟಿದರು. ಕೊಳ್ಳದಲ್ಲೆಲ್ಲ ಲಾಭ ಪಡೆದವನು ಜೋಲ್ಚು ಒಬ್ಬನೇ. ಶಾಲೆ ನೆರಳುದಂಡೆಯಲ್ಲಿತ್ತು, ತಮ್ಮನನ್ನು ನುಂಗಿದ ನೀರಿಗೆ ಅವನು ಕಾಲಿಡಲಾರ.

"ಇಡೀ ಖರ್ಚು ನಮ್ಮ ಮೇಷ್ಟ್ರ ತಲೆ ಮೇಲೇ ಬೀಳುತ್ತೆ. ನೆಂಟರಾಗಿ ನೋಡ್ಕೊಂಡು ಸುಮ್ಮನಿರೋಕಾಗುತ್ತಾ?" ಎಂದು ಬಿಸಿಲುದಂಡೆಯ ಸವಾರರು ಒಂದೆಡೆ ಕೂತು ಕುದುರೆಹಾಲಿನ ಹುಳಿ ಪೇಯ ಕುಡಿಯುತ್ತ ಚಿಂತಿಸಿದರು. ಚಿಂತೆ ಮೂರನೆಯ ಬಟ್ಟಲಿಗೆ ಪಕ್ವವಾಯಿತು. ದಾಟಿದವನು ತಾನಾಗಿ ದಾಟಿರಬೇಕೆಂದು ಫಲಕ ಎಲ್ಲಿ ಹೇಳಿದೆ?

ಮರುದಿನ ತೊಲೊಗೊನ್ ತನ್ನ ದಂಡೆಯಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದಾಗ ಅವರು ಕುದುರೆಯೇರಿ ಹೊಳೆಗಂಡಿ ದಾಟಿ ಬಂದು ಅವನ ಮೇಲೆ ಬಿದ್ದರು. ಒಬ್ಬ ಸೊಂಟಪಟ್ಟಿಗೆ ಕೈಹಾಕಿದ, ಒಬ್ಬ ಬಲಗಾಲಿಗೆ, ಒಬ್ಬ ಎಡಗಾಲಿಗೆ. ಮೇಕೆಯ ಕಳೇಬರ ಎತ್ತಿ ಅನುಭವವಿದ್ದ ಕೈಗಳೇ. ಆದರೆ ಮೇಕೆ ಒದೆಯುವುದಿಲ್ಲ, ಮೇಕೆಗೆ ತಲೆಯಿರುವುದಿಲ್ಲ. ತೊಲೊಗೊನ್ ದವಡೆಹಲ್ಲಿನಿಂದಲೇ ಒಬ್ಬನ ಕಿವಿಯ ತುದಿ ಕಚ್ಚಿ ಉಗುಳಿದ. ಇನ್ನೊಬ್ಬನ ಹಲ್ಲುಗಳು ಅವನ ಹಿಮ್ಮಡಿಗೆ ತಾಗಿ ಹೊಳೆಗೆ ಸೇರಿದವು. ಆದರೂ ಅವನನ್ನು ಎರಡು ಕುದುರೆಗಳ ನಡುವೆ ತೂಗುಹಾಕಿಕೊಂಡು ಗಡಗಡನೆ ಸೇತುವೆಯ ಮೇಲೆ ಓಡಿಸಿ, ಬಿಸಿಲುದಂಡೆಯ ಕಂಬದ ಬುಡಕ್ಕೆ ಮೂಟೆಯಂತೆ ಎಸೆದರು. ಹೊತ್ತವರು ಬರೀ ಕೂಲಿಗಳು, ದಾಟಿದ ಲಾಭ ಹೊರೆಯದು ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಮೂವರು ರೊಟ್ಟಿಯನ್ನು ಎದೆಗೊತ್ತಿಕೊಂಡು ಪ್ರಮಾಣ ಮಾಡಿದರು: ತೊಲೊಗೊನ್ ದಾಟಿದ್ದನ್ನು ಕಣ್ಣಾರೆ ಕಂಡೆವು. ರೊಟ್ಟಿಯ ಮೇಲಿನ ಪ್ರಮಾಣ ನಮ್ಮಲ್ಲಿ ಯಾವ ನ್ಯಾಯಾಲಯಕ್ಕೂ ಮೇಲು.

ತೊಲೊಗೊನ್ ಎದ್ದು ಬಾಯಿಯ ರಕ್ತ ಒರೆಸಿಕೊಂಡ. "ಸರಿ. ನಾನೊಬ್ಬ ಆದೆ. ಇನ್ನು ನಿಮ್ಮಲ್ಲಿ ಯಾರನ್ನೂ ಬಿಡಲ್ಲ ಕಣ್ರೋ, ಪಿಂಡದ ಕೂಸಿನಿಂದ ಹಿಡಿದು ಗೋರಿಗೆ ಕಾಲು ಚಾಚಿದವರ ತನಕ."

ಹೇಳಿದಂತೆ ನಡೆದುಕೊಂಡ. ಗೋರಿಯ ಕಡೆಯಿಂದಲೇ ಶುರು ಮಾಡಿದ. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಸಿದಿಕ್ ತಾತನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಚಹಾ ತುಳುಕಲಿಲ್ಲವೆಂದು ನೆರಳುದಂಡೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಗಡ್ಡದ ಒಂದು ಹಿಡಿ ಯಾರದೋ ಮುಷ್ಟಿಯಲ್ಲಿ ಉಳಿಯಿತು. ಗಡ್ಡ ಕಿತ್ತ ಮೇಲೆ ಮಾತು ಮುಗಿಯಿತು.

ಆ ಚಳಿಗಾಲ ಕೊಳ್ಳದಲ್ಲಿ ಬಿದ್ದ ಹಿಮದಲ್ಲಿ ಅರ್ಧ ಕೆಂಪು. ಚರ್ಮದ ಚಾಟಿಗಳು ಮುಖದ ಮೇಲೆ ಬರೆದ ಬರಹವನ್ನು ನೋಡಿಯೇ ಯಾರು ಯಾವ ದಂಡೆಯವನೆಂದು ಹೇಳಬಹುದಿತ್ತು. ಬಿಸಿಲುದಂಡೆಯವರು ಎಡಗೆನ್ನೆಗೆ ಹೊಡೆಯುವವರು, ನೆರಳುದಂಡೆಯವರು ಎಲ್ಲೆಂದರಲ್ಲಿ. ಪಕ್ಕೆಲುಬು ಮುರಿದವರು ಒಂದು ಮನೆಯಲ್ಲಿ, ದವಡೆ ಮುರಿದವರು ಇನ್ನೊಂದು ಮನೆಯಲ್ಲಿ ಕೂಡಿ ಕುಳಿತು ಗಂಜಿ ಕುಡಿದರು. ಹೆಂಗಸರು ಲಟ್ಟಣಿಗೆ ಹಿಡಿದು ಬಂದ ದಿನ ಗಂಡಸರು ಎರಡೂ ದಂಡೆಯಲ್ಲಿ ಮರ ಹತ್ತಿದರು. ಒಮ್ಮೆ ಸೇತುವೆಯ ಮೇಲೇ ಎರಡು ದಂಡು ಎದುರಾಗಿ, ಹಲಗೆಗಳು ಬಿಲ್ಲಿನಂತೆ ಬಾಗಿ, ಒಂದು ಚೆಂದದ ಕಪ್ಪು ಕುದುರೆಯ ಕಾಲು ಮುರಿಯಿತು. ನರಳುತ್ತಿದ್ದ ಪ್ರಾಣಿಯ ಕತ್ತು ಕೊಯ್ಯಲು ಕಸಾಯಿಯೇ ಬೇಕಿತ್ತು. ಎರಡೂ ಕಡೆಯವರು ಆಯುಧ ಬದಿಗಿಟ್ಟು ತೊಲೊಗೊನನಿಗೆ ದಾರಿ ಬಿಟ್ಟರು. ಅವನು ಕುದುರೆಯ ಕಿವಿಯಲ್ಲಿ ಏನೋ ಹೇಳಿ ಕೆಲಸ ಮುಗಿಸಿದ. ಕುದುರೆಯ ಮಾಂಸ ಹಾಳಾಗಬಾರದೆಂದು ಎಲ್ಲರೂ ಒಂದೇ ಕಡಾಯಿಯಲ್ಲಿ ಬೇಯಿಸಿ, ತಲೆ ತಗ್ಗಿಸಿ, ಮಾತಿಲ್ಲದೆ ಉಂಡರು. ಉಂಡ ಮೇಲೆ ಅದರ ತೊಡೆಮೂಳೆಗಳಿಂದಲೇ ಬಡಿದಾಡಿದರು.

ಜೋಲ್ಚು ದಿನವೂ ಈ ಯುದ್ಧದ ನಡುವೆ ಶಾಲೆಗೆ ದಾಟುತ್ತಿದ್ದ. ಬಿಡಿಸಲು ಹೋಗಿ ಎರಡು ಕಡೆಯಿಂದಲೂ ತಿಂದ, ಎರಡು ಕಡೆಗೂ ಕೊಟ್ಟ. ಸಂಜೆ ಹೆಂಡತಿ ಊಲ್ಕನ್ ಅವನ ಹಣೆಗೆ ಕುರಿಕೊಬ್ಬು ಸವರುತ್ತ ಕೂರುತ್ತಿದ್ದಳು.

"ಒಂದು ಸಾಲು ಬರೆದೆ. ಊರಿನ ಮೂಳೆ ಎಲ್ಲ ಮುರೀತು. ಎರಡು ಸಾಲು ಬರೆದಿದ್ರೆ ಗತಿ ಏನಿತ್ತು?"

"ಫಲಕದಲ್ಲಿದ್ದದ್ದನ್ನೇ ಬರೆದೆ ಕಣೇ."

"ಎಲ್ಲಾನೂ ಬರೆದೆಯಾ?"

ಹಾರಿಸಿದ ಆ ಒಂದು ಪದ ಅನ್ನದಲ್ಲಿನ ಕಲ್ಲಿನಂತೆ ಅವನ ಹಲ್ಲಿಗೆ ಸಿಗತೊಡಗಿ ಬಹಳ ದಿನವಾಗಿತ್ತು. ಹೋಗುವಾಗೊಮ್ಮೆ ಬರುವಾಗೊಮ್ಮೆ ಫಲಕದ ಮುಂದೆ ನಿಂತು ನೋಡುತ್ತಿದ್ದ. ಆಸ್ತಿ. ಅದು ಅಲ್ಲಿ ಕುಚ್ಚಿನಂತೆ ಅಲ್ಲ, ನಡುಗಂಬದಂತೆ ನಿಂತಿದೆಯೇನೋ ಎಂದು ಅನುಮಾನ. ಆದರೆ ಅದರ ಅರ್ಥ? ನಿಘಂಟು ತೆಗೆದರೆ ಅದು ಆಸ್ತಿ ಅಂದರೆ ಆಸ್ತಿ ಎಂದಿತು.

ಗಾಳಿ ಬೆಚ್ಚಗಾಯಿತು. ಬೆಟ್ಟದ ಮೇಲೆ ಹಿಮ ಬಿರುಕು ಬಿಡುವ ಸದ್ದು ಕೇಳತೊಡಗಿತು. ಆಗ ಸಿದಿಕ್ ತಾತ ಉಳಿದ ಗಡ್ಡವನ್ನು ಸವರುತ್ತ ಎರಡೂ ದಂಡೆಗೆ ಹೇಳಿಕಳಿಸಿದ: ಈ ಸೇತುವೆ ಬಂದಾಗಿನಿಂದ ಊರು ಹಾಳಾಯಿತು, ಸೇತುವೆ ಇದ್ದರೆ ತಾನೆ ಲಾಭ, ಲಾಭ ಇದ್ದರೆ ತಾನೆ ಖರ್ಚು, ಕಡಿದು ಹೊಳೆಗೆ ಹಾಕೋಣ, ಬನ್ನಿ. ಇಡೀ ಚಳಿಗಾಲ ಒಂದು ಮಾತಿಗೂ ಒಪ್ಪದ ಎರಡು ದಂಡೆಗಳು ಇದಕ್ಕೆ ಒಂದೇ ಉಸಿರಿನಲ್ಲಿ ಒಪ್ಪಿದವು.

ಆ ಬೆಳಗ್ಗೆ ನದಿ ಕಂದಾಗಿತ್ತು. ಮರದ ಬುಡಗಳು ಮಗುಚುತ್ತ ಬರುತ್ತಿದ್ದವು. ಕೊಡಲಿ, ಗರಗಸ, ಸಲಾಕೆ ಹಿಡಿದು ಬಿಸಿಲುದಂಡೆಯ ಜನ ಬರುವಷ್ಟರಲ್ಲಿ ಜೋಲ್ಚು ಸೇತುವೆಯ ಮೇಲೆ, ಬುಡದಿಂದ ನಾಲ್ಕಾರು ಹಲಗೆ ಒಳಗೆ, ಚಾಟಿ ಹಿಡಿದು ನಿಂತಿದ್ದ. ಟೊಪ್ಪಿಗೆ ತೆಗೆದು ಊದಿ ಕಂಬದ ತಲೆಗಿಟ್ಟ. ಮುಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಹಿಂದಿನ ಸಾಲಿಗೆ ಟೊಪ್ಪಿಗೆ ಕಾಣದ್ದರಿಂದ ಅದು ಮುಂದಕ್ಕೆ ನೂಕಿತು.

"ಇಳಿಯಪ್ಪ ಜೋಲ್ಚು. ನೀನೂ ಉಳ್ಕೋತೀಯ, ಖರ್ಚೂ ಉಳಿಯುತ್ತೆ," ಎಂದ ತಾತ.

"ನೀರು ನೋಡಿದ್ಯಾ ತಾತ? ಇದನ್ನ ಕಡಿದ್ರೆ ನಾಳೆ ಯಾರ ಮಗನನ್ನ ಕೊಡ್ತೀಯ ಅದಕ್ಕೆ? ನಾನು ಕೊಟ್ಟಾಗಿದೆ. ನಮ್ಮನೇಲಿ ಇನ್ನಿಲ್ಲ."

ಮುಂದಿದ್ದವರ ಕೊಡಲಿಗಳು ಕೆಳಗಿಳಿದವು. ಆಮೇಲೆ ಯಾರೋ ಹಿಂದಿನಿಂದ, "ಬರೆದವನು ನೀನೇ ಅಲ್ವೇನೋ," ಎಂದರು. ಅದು ನಿಜವಾಗಿದ್ದರಿಂದ ಎಲ್ಲರಿಗೂ ಮತ್ತೆ ಸಿಟ್ಟು ಬಂತು, ನುಗ್ಗಿದರು.

ಮೊದಲು ಬಂದವನ ಕೊಡಲಿಯನ್ನು ಚಾಟಿ ಸುತ್ತಿ ಕಿತ್ತು ಹೊಳೆಗೆ ಎಸೆಯಿತು. ಎರಡನೆಯ ಬೀಸಿಗೆ ಅವನ ಹುಬ್ಬು ಸೀಳಿ ಕಣ್ಣಿಗೆ ರಕ್ತದ ಪರದೆ ಬಿತ್ತು. ಎರಡನೆಯವನು ತಗ್ಗಿ ಬಂದು ಹೊಟ್ಟೆಗೆ ತಲೆ ಕೊಟ್ಟ. ಅವನ ಮೂಗು ಜೋಲ್ಚುವಿನ ಮಂಡಿಗೆ ಸಿಕ್ಕಿ ಲಟ್ಟೆಂದಿತು. ಸಲಾಕೆಯ ಪೆಟ್ಟು ಜೋಲ್ಚುವಿನ ಭುಜಕ್ಕೆ ಬಿದ್ದು ಎಡಗೈ ಸತ್ತಂತೆ ಜೋತುಬಿತ್ತು. ಅವನು ಚಾಟಿಯನ್ನು ಹಲ್ಲಲ್ಲಿ ಕಚ್ಚಿ, ಬಲಗೈಯಲ್ಲಿ ಸಲಾಕೆಯವನ ಕತ್ತುಪಟ್ಟಿ ಹಿಡಿದು, ಅವನನ್ನೇ ಬೀಸಿ ಹಿಂದಿನ ಮೂವರನ್ನು ಕೆಡವಿದ. ಯಾರದೋ ಕಲ್ಲು ಕಿವಿಗೆ ಬಡಿಯಿತು. ಮುಖವೆಲ್ಲ ಕೆಂಪು, ಬಾಯಲ್ಲಿ ಉಪ್ಪು. ಆದರೂ ನಿಂತ ಜಾಗದಿಂದ ಒಂದು ಹೆಜ್ಜೆ ಅತ್ತಿತ್ತ ಆಗಲಿಲ್ಲ. ದೊಡ್ಡ ಬೆಟ್ಟದಂತೆ ನಿಂತ ಎಂದು ಆಮೇಲೆ ಹಾಡು ಕಟ್ಟಿದರು.

ಹೊಡೆಯುವವರೂ ಮನುಷ್ಯರೇ; ಉಸಿರು ತೆಗೆದುಕೊಳ್ಳಲು ನಿಂತರು. ಆ ಬಿಡುವಿನಲ್ಲಿ ಎಲ್ಲರಿಗೂ ಕೇಳಿಸಿದ್ದು ಪಕ್ಕದ ಚೌಕಾಸಿ. ಸೇತುವೆಯ ಬುಡಕ್ಕೆ ತಾಗಿದಂತೆ ಮುದುಕಿ ಕುಮುಷ್‌ಳ ತುರಿಕೆಗಿಡದ ತುಂಡು ನೆಲವಿತ್ತು. ಮೇಕೆಯೂ ಮೂಸದ ಜಾಗ. ಪೇಟೆಯಿಂದ ಜೀಪಿನಲ್ಲಿ ಬಂದಿದ್ದ ವ್ಯಾಪಾರಿಯೊಬ್ಬ, ಪಕ್ಕದ ರಕ್ತಪಾತವನ್ನು ಮಳೆಗೆ ಸಮಾನವೆಂದು ಎಣಿಸಿ, ಅವಳ ಜೊತೆ ಕೂಗಿ ಮಾತಾಡುತ್ತಿದ್ದ. ಮುದುಕಿಗೆ ಕಿವಿ ಮಂದ.

"ತಾಯಿ, ಈ ಜಾಗ ನನಗೆ ಕೊಡು. ಚಹಾದಂಗಡಿ ಹಾಕ್ತೀನಿ."

"ನಾನು ಸೇತುವೆ ದಾಟಿಲ್ಲ ಕಣಪ್ಪ. ಒಂದು ಸಲಾನೂ ದಾಟಿಲ್ಲ. ಬೇಕಾದ್ರೆ ರೊಟ್ಟಿ ತರ್ತೀನಿ."

"ನೀನು ದಾಟಬೇಡ, ತಾಯಿ. ಮನೇಲೇ ಮಲಗಿರು. ಜಾಗ ಸೇತುವೆ ಬುಡದಲ್ಲಿದೆಯಲ್ಲ, ಅಷ್ಟು ಸಾಕು. ಹೋದ ವರ್ಷ ನೀನು ಇದನ್ನ ಪುಕ್ಕಟೆ ಕೊಟ್ಟಿದ್ರೂ ಬೇಡ ಅಂತಿದ್ದೆ. ಇವತ್ತು ಒಂದು ಕುದುರೆ ಕೊಡ್ತೀನಿ. ಮರಿ ಹಾಕಿರೋ ಕುದುರೆ."

ಜೋಲ್ಚುವಿನ ಕೈಯಲ್ಲಿ ಚಾಟಿ ತಗ್ಗಿತು. ಇಷ್ಟು ದಿನ ಮುದುಕಿ ತನ್ನ ಮನೆಯ ಒಲೆಯ ಮುಂದೆ ಕೂತಿದ್ದಳು. ಅವಳ ಕಾಲು ಒಂದು ಹಲಗೆಯನ್ನೂ ಮುಟ್ಟಿರಲಿಲ್ಲ. ಆದರೂ ತುರಿಕೆಗಿಡದ ಆ ನೆಲ, ಬಿದ್ದಲ್ಲೇ ಬಿದ್ದುಕೊಂಡು, ಚಳಿಗಾಲ ಕಳೆಯುವಷ್ಟರಲ್ಲಿ ಕುರಿಯಂತೆ ಕೊಬ್ಬಿ ಕುದುರೆಯ ಬೆಲೆಗೆ ಬಂದಿತ್ತು. ಲಾಭ ಪಡೆದದ್ದು ಕುಮುಷ್ ಅಲ್ಲ, ಕುಮುಷ್‌ಳ ನೆಲ. ಖರ್ಚು ಹೊರಬೇಕಾದದ್ದು ದಾಟಿದವನ ಕಾಲಲ್ಲ, ಸೇತುವೆಯ ಅಕ್ಕಪಕ್ಕ ಬಿದ್ದಿರುವ ಜಮೀನು. ಒಡೆಯ ದಾಟಲಿ, ಬಿಡಲಿ. ಇಂಗ್ಲಿಷಿನವರು ಕುಚ್ಚು ಕಟ್ಟಿರಲಿಲ್ಲ.

ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊಳೆಯ ಮೇಲುಗಡೆಯಿಂದ ಚೀತ್ಕಾರ ಕೇಳಿಸಿತು. ನೆರಳುದಂಡೆಯವರು ಸೇತುವೆ ಕಡಿಯಲು ಬರುತ್ತಿದ್ದರು. ಸೇತುವೆಯ ಮೇಲೆ ಬಂದರೆ ದಾಟಿದಂತಾಗುತ್ತದಲ್ಲ, ಅದಕ್ಕೆ ಹೊಳೆಗಂಡಿಯಲ್ಲಿ ಇಳಿದಿದ್ದರು. ಮುಂದೆ ತೊಲೊಗೊನ್. ನಡುಹೊಳೆಯಲ್ಲಿ ಒಂದು ಮರದ ಬುಡ ಅವನ ಕುದುರೆಯ ಪಕ್ಕೆಗೆ ಗುದ್ದಿತು. ಕುದುರೆ ಮಗುಚಿತು. ಹಿಂದಿನವರು ಹೇಗೋ ತಿರುಗಿ ದಡ ಹಿಡಿದರು. ಕಂದು ನೀರಿನಲ್ಲಿ ಒಂದು ಅಗಲ ಕುತ್ತಿಗೆ ಮುಳುಗಿತು, ಎದ್ದಿತು, ಮುಳುಗಿತು, ಕಲ್ಲಿಗೆ ಬಡಿಯಿತು, ನೆತ್ತರು ಬಿಟ್ಟುಕೊಂಡು ಸೇತುವೆಯತ್ತ ಹರಿದುಬಂತು.

ಕೊಡಲಿ ಹಿಡಿದಿದ್ದವರು ಕಲ್ಲಾದರು. ಜೋಲ್ಚು ಹಲಗೆಯ ಮೇಲೆ ಬೋರಲು ಬಿದ್ದು, ಚಾಟಿಯನ್ನು ಕೆಳಕ್ಕೆ ಬೀಸಿದ. ತೊಲೊಗೊನನ ಕೈಗೆ ಅದು ಸಿಕ್ಕಿತು. ಎಳೆದಾಗ ಅವನ ಇನ್ನೊಂದು ಕೈ ಕೆಳಗಿನ ಉಕ್ಕಿನ ಹಗ್ಗ ಹಿಡಿಯಿತು. ಜೋಲ್ಚು ಅವನ ಕತ್ತುಪಟ್ಟಿಗೆ ಕೈಹಾಕಿ ಹಲ್ಲು ಕಚ್ಚಿದ. ನದಿ ಅವನ ಕಾಲುಗಳನ್ನು ಹಿಡಿದು ಆ ಕಡೆಗೆ ಎಳೆಯಿತು.

"ಹತ್ತೋ!"

"ಬೇಡ ಮೇಷ್ಟ್ರೇ," ತೊಲೊಗೊನ್ ನೀರು ಉಗುಳಿದ. "ಎತ್ತಬೇಡ. ಹೀಗೇ ದಡದ ತನಕ ಎಳ್ಕೊಂಡು ಹೋಗು. ಹಲಗೆ ಮೇಲೆ ಬಂದ್ರೆ ಲಾಭ ಆಗುತ್ತೆ."

"ಸಾಯ್ತಿದ್ದೀಯ ಕಣೋ ಕತ್ತೆ."

"ಮೊದಲನೇ ಸಲ ಹೊತ್ಕೊಂಡು ಹೋಗಿದ್ದು ನಾನು ಒಪ್ಪಿಲ್ಲ. ಅದು ಬಲಾತ್ಕಾರ. ಈಗ ನಾನಾಗೇ ಹತ್ತಿದ್ರೆ," ಒಂದು ಅಲೆ ಅವನ ಬಾಯಿ ತುಂಬಿತು, "ಮೂರು ಜನ ನೋಡ್ತಿದ್ದಾರೆ. ಒಬ್ಬನ ಕೈಲಿ ರೊಟ್ಟಿ ಇದೆ."

ನಿಜವಾಗಿಯೂ ಇತ್ತು. ಬುತ್ತಿಗೆ ತಂದದ್ದು.

ಜೋಲ್ಚುವಿನ ಬೆರಳುಗಳು ಒದ್ದೆ ಉಣ್ಣೆಯ ಮೇಲೆ ಜಾರತೊಡಗಿದವು. ಅವನಿಗೆ ಕಂಡದ್ದು ತೊಲೊಗೊನನ ಮುಖವಲ್ಲ. ಲಗಾಮಿನ ತುಂಡು ಹಿಡಿದ ಇನ್ನೊಂದು ಮುಷ್ಟಿ. ಅವನು ಕೊಳ್ಳವೆಲ್ಲ ಕೇಳುವಂತೆ ಒದರಿದ.

"ಕೇಳೋ ಕಸಾಯಿ, ನೀವೂ ಕೇಳ್ರೋ. ತಪ್ಪು ಬರೆದಿದ್ದೀನಿ. ಒಂದು ಪದ ಬಿಟ್ಟಿದ್ದೀನಿ. ಖರ್ಚು ದಾಟಿದವನ ಮೇಲಲ್ಲ, ದಂಡೆ ಮೇಲಿರೋ ಜಮೀನಿನ ಮೇಲೆ. ಆ ಮುದುಕಿ ತುರಿಕೆಗಿಡಕ್ಕೆ ಕುದುರೆ ಬಂತಲ್ಲ, ಅದೇ ಲಾಭ. ನಿನ್ನ ಕಸಾಯಿಖಾನೆ ಜಾಗ ಆ ಬುಡದಲ್ಲಿದೆ, ನನ್ನ ಆಲೂಗಡ್ಡೆ ಹೊಲ ಈ ಬುಡದಲ್ಲಿದೆ. ನಮ್ಮಿಬ್ಬರ ಪಾಲೇ ಎಲ್ಲರಿಗಿಂತ ಜಾಸ್ತಿ. ನೀನು ಹತ್ತಿದ್ರೂ ಅಷ್ಟೇ, ಸತ್ರೂ ಅಷ್ಟೇ. ನಿನ್ನ ಮೇಲೆ ಬಿದ್ದಾಗಿದೆ."

ತೊಲೊಗೊನ್ ಒಂದು ಕ್ಷಣ ಯೋಚಿಸಿದ. ನದಿಯೂ ಅವನಿಗೆ ಆ ಕ್ಷಣ ಬಿಟ್ಟುಕೊಟ್ಟಂತಿತ್ತು.

"ದಾಟದಿದ್ರೂ?"

"ದಾಟದಿದ್ರೂ."

"ಚಳಿಗಾಲದ ಹೊಡೆತ ಎಲ್ಲ?"

"ದಂಡ."

"ಥೂ ನಿನ್ನ ಇಂಗ್ಲಿಷಿಗೆ," ಎಂದು ತೊಲೊಗೊನ್ ಕಾಲೆತ್ತಿ ಹಗ್ಗಕ್ಕೆ ಹಾಕಿದ. ಅಷ್ಟರಲ್ಲಿ ಕೊಡಲಿ ಬಿಸಾಡಿದ ಜನ ಹಲಗೆಗಳ ಮೇಲೆ ನುಗ್ಗಿ, ಯಾರು ದಾಟಿದರು ಯಾರು ಬಿಟ್ಟರು ಎಂಬುದೊಂದನ್ನೂ ನೋಡದೆ, ಅವನ ಸೊಂಟಪಟ್ಟಿ, ಕೂದಲು, ಕಿವಿ, ಸಿಕ್ಕಿದ್ದನ್ನೆಲ್ಲ ಹಿಡಿದು ಮೇಲೆಳೆದರು. ಅವನು ಹಲಗೆಯ ಮೇಲೆ ಅಂಗಾತ ಬಿದ್ದು ನೀರು ಕಕ್ಕಿದ. ಉಸಿರು ಬಂದೊಡನೆ ಎದ್ದು ಜೋಲ್ಚುವಿನ ದವಡೆಗೆ ಒಂದು ಬಿಟ್ಟ. ಆಮೇಲೆ ಅವನನ್ನು ಅಪ್ಪಿಕೊಂಡ. ಸಿದಿಕ್ ತಾತ ಗಡ್ಡ ಹಿಡಿದುಕೊಂಡು, "ನನ್ನ ಹೊಲ ಬೆಟ್ಟದ ಹತ್ತಿರ ಅಲ್ವಾ? ದೂರ ಅಲ್ವಾ?" ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತ ಓಡಾಡಿದ.

ಫಲಕದ ಮೇಲಿನ ಸಾಲನ್ನು ಜೋಲ್ಚು ಕೆರೆದು ಹೊಸದಾಗಿ ಬರೆದ. ಜಗಳ ನಿಂತಿತೆಂದು ಯಾರೂ ತಿಳಿಯಬಾರದು. ಯಾರ ಹೊಲ ಹತ್ತಿರ, ಯಾರದು ದೂರ, ಎಷ್ಟು ಹತ್ತಿರವಿದ್ದರೆ ಹತ್ತಿರ ಎಂದು ಮುಂದಿನ ವರ್ಷವೆಲ್ಲ ಹೊಡೆದಾಡಿದರು. ರಾತ್ರೋರಾತ್ರಿ ಬೇಲಿಗಳು ಹಿಂದಕ್ಕೆ ನಡೆದವು, ಹಗಲಲ್ಲಿ ಹಲ್ಲು ಉದುರಿದವು. ಆದರೆ ಹೊಡೆಯಲು ಹೋಗುವವರೂ ಹೊಡೆಸಿಕೊಂಡು ಬರುವವರೂ ಸೇತುವೆಯ ಮೇಲೆಯೇ ಹೋಗಿಬರುತ್ತಿದ್ದರು. ದಂಡೆಯವರು ಕೊನೆಗೆ ತಮ್ಮ ಪಾಲನ್ನು ಕುರಿಯಲ್ಲಿ, ಆಲೂಗಡ್ಡೆಯಲ್ಲಿ, ಬೈಗುಳದಲ್ಲಿ ತೀರಿಸಿದರು. ಹೊಳೆಗಂಡಿಗೆ ಇಳಿಯುವ ದಾರಿಯ ತುಂಬ ಈಗ ನೀರಂಜಿ ಗಿಡ ಬೆಳೆದಿದೆ. ನಸಿಪ್‌ನ ನಂತರ ಕೋಕ್-ಸೂ ನಮ್ಮ ಕೊಳ್ಳದಿಂದ ಯಾರನ್ನೂ ಒಯ್ದಿಲ್ಲ.

ಕೆಲವು ವರ್ಷಗಳ ನಂತರ ರಾಜಧಾನಿಯ ಪತ್ರಿಕೆಯವನೊಬ್ಬ ಈ ಕಥೆ ಕೇಳಿ ಬಂದ. ಊರೆಲ್ಲ ತಿರುಗಿ ಕೊಡಲಿಗಳನ್ನೂ ವಾಸಿಯಾದ ದವಡೆಗಳನ್ನೂ ನೋಡಿ, ಕಣ್ಣು ತುಂಬಿಕೊಂಡು ಜೋಲ್ಚುವಿನ ಮನೆಯಲ್ಲಿ ಕೂತ. ಊಲ್ಕನ್ ಚಹಾ ಬಸಿದಳು. ತೊಲೊಗೊನ್ ಮೂಲೆಯಲ್ಲಿ ಮೂಳೆ ಚೀಪುತ್ತಿದ್ದ.

"ಮೇಷ್ಟ್ರೇ, ಒಂದೇ ಪ್ರಶ್ನೆ," ಎಂದ ಪತ್ರಿಕೆಯವನು. "ಇಡೀ ಊರು ಕೊಡಲಿ ಹಿಡಿದು ಮೇಲೆ ಬಿದ್ದಾಗ, ಭುಜ ಮುರಿದ್ರೂ, ಕಿವಿ ಹರಿದ್ರೂ, ನೀವು ಒಂದು ಹೆಜ್ಜೆ ಹಿಂದಿಡಲಿಲ್ಲವಂತಲ್ಲ. ಆ ಹೊತ್ತಲ್ಲಿ ನಿಮ್ಮನ್ನ ಅಲ್ಲೇ ಹಿಡಿದು ನಿಲ್ಲಿಸಿದ್ದು ಏನು?"

ಜೋಲ್ಚು ಚಹಾ ಗುಟುಕರಿಸಿದ.

"ಬೂಟು ಹಲಗೆ ಸಂದಿಗೆ ಸಿಕ್ಕಿಹಾಕ್ಕೊಂಡಿತ್ತು."